ಹುಲಿವಾಹನವೂ ಹಳೇ ಸ್ಪೋರ್ಟ್ಸ್ ಕಾರೂ

ಹಳೆಯ ಐಷಾರಾಮಿ ಸ್ಪೋರ್ಟ್ಸ್ ಕಾರನ್ನು ಕೊಳ್ಳೇಗಾಲಕ್ಕೆ ತರುವವರು ಮೊದಲು ನೋಡಬೇಕಾದದ್ದು ಎಂಜಿನ್ನನ್ನಲ್ಲ, ಹೊಟ್ಟೆಯನ್ನು, ಕಾರಿನ ಹೊಟ್ಟೆಯನ್ನು. ಅದು ನೆಲದಿಂದ ಹತ್ತು-ಹನ್ನೆರಡು ಸೆಂಟಿಮೀಟರ್ ಮೇಲಿದ್ದರೆ ಅದೇ ಹೆಚ್ಚು. ಸುಗ್ಗಿ ಬಂತೆಂದರೆ ಈ ಸೀಮೆಯಲ್ಲಿ ರಸ್ತೆಯೇ ಕಣ. ಹರಡಿದ ಹುರುಳಿಯನ್ನು ಲಾರಿ ತುಳಿದು ಹೋಗುತ್ತದೆ, ಸ್ಪೋರ್ಟ್ಸ್ ಕಾರು ಬಾಚಿಕೊಂಡು ಹೋಗುತ್ತದೆ. ಸೊಪ್ಪು ಬಿಸಿ ಸೈಲೆನ್ಸರಿಗೆ ಸುತ್ತಿಕೊಂಡರೆ ಬೆಂಕಿಯೂ ಹೊತ್ತೀತು.

ಎರಡನೆಯದು ಟೈರು. ಪಕ್ಕೆಯಲ್ಲಿ 2318 ಎಂದಿದ್ದರೆ ಅದು ಬೆಲೆಯಲ್ಲ, 2018ರ 23ನೇ ವಾರದ ಜನನ ಪತ್ರ. ಯಳಂದೂರಿನ ಬಿಳಿಗಿರಿರಂಗನ ದೊಡ್ಡ ಚಪ್ಪಲಿಗಳೇ ಕಾಡು ಸುತ್ತಿ ಸವೆಯುತ್ತವೆಂಬ ನಂಬಿಕೆಯಿರುವಾಗ ರಬ್ಬರು ಯಾವ ಲೆಕ್ಕ?

ಮೂರನೆಯದು ಕಾಗದಪತ್ರ. ದೆಹಲಿಯ ಅಗ್ಗದ ಕಾರಿಗೆ ನಿರಾಕ್ಷೇಪಣಾ ಪತ್ರ, ಕರ್ನಾಟಕದ ಜೀವಿತಾವಧಿ ತೆರಿಗೆ ಎಲ್ಲ ಮುಗಿದು ಇಲ್ಲಿನ ಕೆಎ-10 ನೋಂದಣಿ ಫಲಕ ಬೀಳುವ ಹೊತ್ತಿಗೆ, ಅಗ್ಗವೆಂಬುದು ದೆಹಲಿಯಲ್ಲೇ ಉಳಿದಿರುತ್ತದೆ.

ಕೊನೆಯದು ಓಡಿಸಿ ನೋಡುವುದು. ಹನೂರು ದಾಟಿ ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ಬೆಟ್ಟದ ತಿರುವುಗಳನ್ನು ಹತ್ತಿಸಿದರೆ ಬ್ರೇಕು, ಕ್ಲಚ್ಚು, ರೇಡಿಯೇಟರು ತಾವಾಗಿಯೇ ನಿಜ ಒಪ್ಪಿಕೊಳ್ಳುತ್ತವೆ. ಒಳಗೆ ಮುನ್ನೂರು ಕುದುರೆಗಳಿದ್ದರೂ ಮುಂದೊಂದು ಸರ್ಕಾರಿ ಬಸ್ಸಿದ್ದರೆ ಅದರದೇ ವೇಗ. ಹುಲಿವಾಹನನಾದ ಮಾದಪ್ಪನಿಗೆ ಸವಾರಿಗೆ ಒಂದೇ ಹುಲಿ ಸಾಕಾಯಿತು. ಅದಕ್ಕೆ ಸರ್ವೀಸ್ ದಾಖಲೆಯನ್ನೂ ಯಾರೂ ಕೇಳಲಿಲ್ಲ.