ತಾರಸಿ ಹತ್ತಿದ ಹಂಡೆ

ಬೆಂಗಳೂರಿನ ಯಾವುದೇ ಬಡಾವಣೆಯ ತಾರಸಿ ಹತ್ತಿ ಸುತ್ತ ಕಣ್ಣು ಹಾಯಿಸಿ. ಸಿಂಟೆಕ್ಸ್ ಪಕ್ಕದಲ್ಲಿ ಓರೆಯಾಗಿ ಜೋಡಿಸಿದ ಗಾಜಿನ ಕೊಳವೆಗಳು, ಅವುಗಳ ತಲೆಯ ಮೇಲೆ ಅಡ್ಡ ಮಲಗಿದ ಟ್ಯಾಂಕು. ದಕ್ಷಿಣದ ಬಾಗಿಲು ಎಂದರೆ ಬೆಚ್ಚಿಬಿದ್ದು ಸೈಟನ್ನೇ ಬಿಟ್ಟುಬಂದವರ ಮನೆಯಲ್ಲೂ ಸೋಲಾರ್ ಮಾತ್ರ ಯಮನ ದಿಕ್ಕಿಗೇ ಮುಖ ಮಾಡಿದೆ. ನಮ್ಮ ಸೀಮೆಯಲ್ಲಿ ವರ್ಷದ ಹೆಚ್ಚು ಕಾಲ ಸೂರ್ಯ ಅತ್ತ ಕಡೆಗೇ ವಾಲಿ ಸಾಗುವುದರಿಂದ ವಾಸ್ತುವಿನವರು ಜಾಣತನದಿಂದ ಸುಮ್ಮನಿದ್ದಾರೆ.

ಬಚ್ಚಲುಮನೆಯ ತಾಮ್ರದ ಹಂಡೆಗೆ ದಿಕ್ಕಿನ ಹಂಗೂ ಇರಲಿಲ್ಲ, ಹೊತ್ತಿನ ಹಂಗೂ ಇರಲಿಲ್ಲ. ಒಲೆಗೆ ನಾಲ್ಕು ಕರಟ, ಒಂದಿಷ್ಟು ಸೋಗೆ ತುರುಕಿದರೆ ಅಮಾವಾಸ್ಯೆಯ ನಡುರಾತ್ರಿಯಲ್ಲೂ ನೀರು ಕಾಯುತ್ತಿತ್ತು. ಕಣ್ಣುರಿ, ಹೊಗೆ, ಮಸಿಯ ವಿಚಾರವನ್ನು ಹಂಡೆಯ ನೆನಪಿನಲ್ಲಿ ಕರಗುವ ಗಂಡಸರು ಹೇಳುವುದಿಲ್ಲ. ಊದುಕೊಳವೆ ಹಿಡಿದವರು ಅವರಲ್ಲವಲ್ಲ.

ಸೋಲಾರಿಗೆ ಊದುವ ಕೆಲಸವಿಲ್ಲ, ಪಂಪೂ ಬೇಡ. ಕೊಳವೆಯಲ್ಲಿ ಕಾದ ನೀರು ಹಗುರಾಗಿ ತಾನೇ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಆ ಜಾಗಕ್ಕೆ ಇಳಿಯುತ್ತದೆ. ಸಂಜೆಯವರೆಗೆ ಇದೇ ಹತ್ತಿಳಿಯುವ ಆಟ. ಹಾಗಾಗಿ ಬೆಳಿಗ್ಗೆ ನಾವು ಮೀಯುವುದು ನಿನ್ನೆಯ ಬಿಸಿಲಿನಲ್ಲಿ. ತಕರಾರು ಹುಟ್ಟುವುದೂ ಇಲ್ಲೇ. ಆಫೀಸಿನಿಂದ ಬಂದ ಮಗರಾಯ ರಾತ್ರಿ ಷವರ್ ಕೆಳಗೆ ಅರ್ಧ ಗಂಟೆ ನಿಂತರೆ, ಖರ್ಚಾದಷ್ಟು ತಣ್ಣೀರು ಟ್ಯಾಂಕಿಗೆ ತುಂಬುತ್ತದೆ. ಅದನ್ನು ಕಾಯಿಸಲು ಸೂರ್ಯ ರಾತ್ರಿಪಾಳಿಗೆ ಬರುವುದಿಲ್ಲ. ಬೆಳಿಗ್ಗೆ ಬಚ್ಚಲಿನಿಂದ ಅತ್ತೆಯ ದನಿ: “ರಾತ್ರಿ ಮಿಂದವರು ಯಾರು?” ಇನ್ನು ಏಪ್ರಿಲ್‌ನಲ್ಲಿ, ಯಾರಿಗೂ ಬೇಡವಾದಾಗ, ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು, ಆಷಾಢದ ಮೋಡದಲ್ಲಿ ಬರೀ ಉಗುರುಬೆಚ್ಚಗಿನದು. ಆಗ ಟ್ಯಾಂಕಿನೊಳಗಿನ ಕಾಯಿಲ್‌ಗೆ ಕರೆಂಟು ಕೊಟ್ಟು ಸೂರ್ಯನ ಮಾನ ಕಾಪಾಡಬೇಕು.

ಕರೆಂಟಿನ ಕಥೆ ಇನ್ನೂ ಸ್ವಾರಸ್ಯ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ತಾರಸಿಯ 3 ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ಲುಗಳಿಗೆ 78,000 ರೂಪಾಯಿ ಸಹಾಯಧನ. ಪಕ್ಕದ ಮನೆಯ ರಾಯರು ಹಾಕಿಸಿಕೊಂಡು, “ಇನ್ನು ಪವರ್‌ಕಟ್ ನಮಗಿಲ್ಲ” ಎಂದು ಬೀದಿಗೆಲ್ಲ ಸಾರಿದರು. ಮೊದಲ ಪವರ್‌ಕಟ್ಟಿನ ದಿನ ನೆತ್ತಿ ಸುಡುವ ಬಿಸಿಲು, ತಾರಸಿ ತುಂಬ ಪ್ಯಾನೆಲ್ಲು, ಒಳಗೆ ನಿಂತ ಫ್ಯಾನು. ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಇನ್ವರ್ಟರ್, ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲಬೇಕು. ಇಲ್ಲದಿದ್ದರೆ ರಾಯರ ತಾರಸಿಯ ಕರೆಂಟು ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆದೀತು. ರಾಯರು ಈಗ ಒಂದು ಜೀವ ಉಳಿಸುತ್ತಿರುವ ಹೆಮ್ಮೆಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಾರೆ.

ಆದರೂ ಹಾಕಿಸಿ, ಬಿಲ್ಲು ಇಳಿಯುವುದಂತೂ ನಿಜ. ಬ್ಯಾಟರಿ ಬೇಕೋ ಬೇಡವೋ ಮೊದಲೇ ತೀರ್ಮಾನಿಸಿ, ಪ್ಯಾನೆಲ್ ಮೇಲಿನ ಧೂಳನ್ನು ಆಗಾಗ ಒರೆಸಿ, ಸ್ನಾನದ ಪಾಳಿ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿ. ಸೂರ್ಯ ತನ್ನ ವೇಳಾಪಟ್ಟಿ ಬದಲಿಸುವವನಲ್ಲ, ಮನೆಯವರೇ ಹೊಂದಿಕೊಳ್ಳಬೇಕು.