ದಾಖಲಾತಿ ಮೀಮಾಂಸೆ

ಪ್ರಥಮ ಸೂತ್ರ: ಎಣಿಸಿದಾಗ ಕಡಮೆ ಬಿದ್ದದ್ದು ಇರಕೂಡದು. ಇದರ ಶಾಸ್ತ್ರೀಯ ನಾಮ ‘ಸಂಪನ್ಮೂಲ ಸದ್ಬಳಕಾಪೂರ್ವಕ ಅಲ್ಪದಾಖಲಾತಿಗ್ರಸ್ತ ಕೋರ್ಸು ಪುನರ್‌ಹೊಂದಾಣಿಕೆ’. ನಮ್ಮ ಕಂದಿಕೆರೆ ಕಡೆಯ ಕನ್ನಡದಲ್ಲಿ ‘ಬಾಗಿಲು ಹಾಕೋದು’.

ಕೋರ್ಸುಗಳು ತ್ರಿವಿಧ. ಎಳನೀರು ಜಾತಿ: ಬಿ.ಕಾಂ., ಬಿ.ಸಿ.ಎ.; ಕೆತ್ತಿದ ಕೂಡಲೇ ಕಾಸು. ಹಸಿಗಾಯಿ ಜಾತಿ: ಬಿ.ಎಸ್ಸಿ.; ರೇಟು ನೋಡಿ ಮಾರಬೇಕು. ಕೊಬ್ಬರಿ ಜಾತಿ: ಎಚ್‌ಇಕೆ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ಇದೇ ವಿಸರ್ಜನಯೋಗ್ಯ. (ನಾಲ್ಕನೆಯದೊಂದಿತ್ತು, ವರ್ಗೀಕರಿಸುವಷ್ಟರಲ್ಲಿ ಮುಚ್ಚಿದರು.)

ಕೊಬ್ಬರಿಯ ಲಕ್ಷಣವೇನು? ಹೊಂಬಾಳೆ ಒಡೆದು ಕಾಯಿ ಬಲಿಯಲು ಒಂದು ವರ್ಷ. ಅಟ್ಟಕ್ಕೆ ಹಾಕಿದ ಮೇಲೆ ಇನ್ನೂ ಹತ್ತು ಹನ್ನೊಂದು ತಿಂಗಳು. ನಮ್ಮಜ್ಜಿ ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ನೀರು ಕುಲುಕಿದರೆ ವಾಪಸ್ ಅಟ್ಟಕ್ಕೆ. ಒಳಗೆ ಗಿಟುಕು ಗಡಗಡ ಅಂದರೆ ಸುಲಿಯೋಕೆ. ನೀರು ಕುಲುಕಿತು ಅಂತ ತೋಟ ಕಡಿಸಿದವರನ್ನು ಈ ಸೀಮೆ ಕಂಡಿಲ್ಲ. ಕಡತದವರು ಮಾತ್ರ ಜುಲೈನಲ್ಲಿ ಅಲ್ಲಾಡಿಸಿ ಆಗಸ್ಟಿನಲ್ಲಿ ಕಡಿಯುತ್ತಾರೆ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಹೊಸ 10 ವಿಶ್ವವಿದ್ಯಾಲಯಗಳನ್ನೇ ಅಲ್ಲಾಡಿಸಿ, ಬೀದರಿನದೊಂದು ಬಿಟ್ಟು ಮಿಕ್ಕ 9 ಮುಚ್ಚಬಹುದೆಂದಿತು. ತೆರೆಯುವಾಗ ಹೊಳೆಯದ ಖರ್ಚು ಮುಚ್ಚುವಾಗ ನೆನಪಾಯಿತು.

ಪೂರ್ವಪಕ್ಷ: 1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ಶುರುವಾದಾಗ ಸೇರಿದವರು ಬೆರಳೆಣಿಕೆ, ಅವರಲ್ಲೊಬ್ಬರು ಕುವೆಂಪು. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀ.ನಂ.ಶ್ರೀ. ನಮ್ಮದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಸಿದ್ಧಾಂತ: ಆಗ ಪೋರ್ಟಲ್ ಇರಲಿಲ್ಲ.

ಮುಂದಿನ ಅಧಿಕಾರ ‘ಕಾರ್ಯಭಾರಾಭಾವ ನಿರೂಪಣಂ’. ಸಾಕು, ಬೇಡ. ಏಳು ಜನಕ್ಕೆ ಪಾಠ ಹೇಳಿದರೆ ನಷ್ಟವಂತೆ. ಯಾರಪ್ಪನ ಮನೆ ಗಂಟು? ದುಡ್ಡಿದ್ದವರ ಮಕ್ಕಳಿಗೆ ಬೆಂಗಳೂರಿದೆ. ಇವರಿಗಿರುವುದು ಒಂದು ಬಸ್ಸು, ಅದು ಮುಟ್ಟುವಷ್ಟು ದೂರದಲ್ಲೊಂದು ಕಾಲೇಜು.

ನಾನು ಅತಿಥಿ ಉಪನ್ಯಾಸಕನಾಗಿದ್ದ ಕಡೆ ಐಚ್ಛಿಕ ಕನ್ನಡಕ್ಕೆ ಏಳೇ ಜನ. ಬೆಳಗಿನ ಬಸ್ಸು ಬಾರದ ದಿನ ನಾಲ್ಕು. ಮುಚ್ಚುತ್ತಾರೆಂಬ ಸುದ್ದಿ ಹಬ್ಬಿದ ಮರುದಿನ ಒಬ್ಬ ಹುಡುಗಿ ನೋಟ್‌ಬುಕ್ಕಿನ ಹಾಳೆ ಹರಿದು ತಂದಳು. ಕಾಯಿ ಸುಲಿದು ಬೆರಳ ತುದಿಗಳು ಕಪ್ಪಗಿದ್ದವು. ಹಾಳೆಯಲ್ಲಿ ಎಂಟು ಹೆಸರು, ಪಕ್ಕದಲ್ಲಿ ಊರು. “ಇವ್ರನ್ನ ಕರ್ಕಂಡ್ ಬಂದ್ರೆ ಕ್ಲಾಸ್ ಉಳಿಯುತ್ತಾ ಸಾರ್?” ಮೂವರು ಗಾರ್ಮೆಂಟ್ಸಿಗೆ ಹೋಗಿಯಾಗಿತ್ತು, ಇಬ್ಬರಿಗೆ ಮದುವೆಯಾಗಿತ್ತು. ಕೊನೆಯ ಹೆಸರು ಅವಳ ಅಮ್ಮನದು. ‘ಪಿಯುಸಿ ಪಾಸು’ ಎಂದು ಕಂಸದಲ್ಲಿ ಬರೆದಿದ್ದಳು.