ಘಾಟ್ಕೋಪರೀಯ ಸ್ಫೂರ್ತಿಮೀಮಾಂಸೆ

ರಾಜಶೇಖರನ 'ಕಾವ್ಯಮೀಮಾಂಸೆ'ಯ ಹತ್ತನೆಯ ಅಧ್ಯಾಯ ಮುಂಬಯಿಯ ಘಾಟ್ಕೋಪರಿನಲ್ಲಿ ರಚಿತವಾಯಿತೆಂಬ ಸತ್ಯ ವಿದ್ವಲ್ಲೋಕದ ಕಣ್ಣಿಗೆ ಇದುವರೆಗೆ ಬಿದ್ದಿಲ್ಲ. ಆತ ಕನೌಜದ ಗುರ್ಜರ-ಪ್ರತೀಹಾರ ದೊರೆ ಮಹೇಂದ್ರಪಾಲನ ಆಸ್ಥಾನದಲ್ಲಿದ್ದ, ಕಾಲ ಕ್ರಿ.ಶ. 900ರ ಆಸುಪಾಸು ಎಂದು ಹೇಳಿ ಪಂಡಿತರು ಕೈತೊಳೆದುಕೊಳ್ಳುತ್ತಾರೆ. ಆದರೆ ಅವನ ಮುತ್ತಜ್ಜ ಅಕಾಲಜಲದನಿಗೆ 'ಮಹಾರಾಷ್ಟ್ರ ಚೂಡಾಮಣಿ' ಎಂಬ ಬಿರುದಿತ್ತು. ರಾಜ್ಯ ಸಿಕ್ಕಿತು. ಆ ರಾಜ್ಯದಲ್ಲಿ ಗುರ್ಜರರ ಆಳ್ವಿಕೆ ಇಂದಿಗೂ ನಡೆದಿರುವ ಊರು ಯಾವುದೆಂದು ಘಾಟ್ಕೋಪರ್ ಪೂರ್ವದಲ್ಲಿ ಬಾಡಿಗೆ ಮನೆ ಹುಡುಕಿದ ಯಾವ ಮೀನು ತಿನ್ನುವ ಕನ್ನಡಿಗನನ್ನಾದರೂ ಕೇಳಿ. ಬಹಿರಂಗ ಪ್ರಮಾಣ ಇಷ್ಟು ಸಾಕು. ಅಂತರಂಗ ಪ್ರಮಾಣ ಇನ್ನೂ ಬಲವಾಗಿದೆ.

ಕವಿಯ ಮನೆ ಹೇಗಿರಬೇಕೆಂದು ರಾಜಶೇಖರ ಉದ್ದ ಪಟ್ಟಿ ಕೊಡುತ್ತಾನೆ: ಆರು ಋತುಗಳಿಗೂ ಒಗ್ಗುವ ತಾವುಗಳು, ಕ್ರೀಡಾಪರ್ವತ, ಕೊಳ, ಧಾರಾಗೃಹ, ಉಯ್ಯಾಲೆ, ಹಂಸ, ಗಿಳಿ, ಜಿಂಕೆ. ಇದನ್ನು ಓದಿಯೇ ಎಷ್ಟೋ ಕವಿಗಳು ಕವಿತೆ ಬಿಟ್ಟು ವಿಮರ್ಶೆಗೆ ಹೋದರು. ಅವರು ಘಾಟ್ಕೋಪರಿನ ಪಂತ್‌ನಗರದ ಒನ್ ರೂಮ್ ಕಿಚನ್ ನೋಡಿರಲಿಲ್ಲ. ಕ್ರೀಡಾಪರ್ವತವೆಂದರೆ ಹಳಿಯಾಚೆಗಿನ ಅಸಲ್ಫಾ ಗುಡ್ಡ. ಧಾರಾಗೃಹವೆಂದರೆ ಮೇಲಿನವರ ಮೋರಿ ಸೋರುವ ಅಡುಗೆಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ವ್ಯಾಪ್ತಿ ಹಾಲ್‌ಗೂ ಹಬ್ಬುತ್ತದೆ. ಉಯ್ಯಾಲೆ ಎದುರುಮನೆಯ ಗುಜರಾತಿಯವರ ಹಿಂಚ್ಕೊ; ರಾತ್ರಿ ಹನ್ನೊಂದರ ತನಕ ಅದರ ಕೊಂಡಿಯ ಕಿರ್ರೆಂಬ ಸದ್ದು ಲಘು-ಗುರುಗಳನ್ನು ಪುಕ್ಕಟೆ ಕಲಿಸುತ್ತದೆ. ಹಂಸದ ಬದಲಿಗೆ ಠಾಣೆ ಖಾರಿಯ ಕೆಸರಿನಲ್ಲಿ ಚಳಿಗಾಲದ ಫ್ಲೆಮಿಂಗೊಗಳಿವೆ. ಗಿಳಿಯ ಕೆಲಸವನ್ನು ಪಾರಿವಾಳ ವಹಿಸಿಕೊಂಡಿದೆ, ಕಿಟಕಿಯ ಗ್ರಿಲ್ಲೇ ಸಾಕ್ಷಿ. ಜಿಂಕೆ ಮಾತ್ರ ಸಿಗಲಿಲ್ಲ. ಅದನ್ನು ಪ್ರಕ್ಷಿಪ್ತವೆಂದು ಕೈಬಿಡಲಾಗಿದೆ.

ಮುಂದಿನ ನಿಯಮ ಓದಿದ ಮೇಲಂತೂ ಸಂಶಯಕ್ಕೆ ಎಡೆಯೇ ಇಲ್ಲ. ಕವಿಯ ಸೇವಕರು ಅಪಭ್ರಂಶ ಆಡಬೇಕು, ದಾಸಿಯರು ಮಾಗಧಿ, ಅಂತಃಪುರದವರಿಗೆ ಪ್ರಾಕೃತ-ಸಂಸ್ಕೃತ ಬರಬೇಕು, ಗೆಳೆಯರು ಎಲ್ಲ ಭಾಷೆ ಬಲ್ಲವರಾಗಿರಬೇಕು. ಮನೆಯೊಳಗೆ ತುಳು, ಕೆಲಸದ ಬಾಯಿಯ ಹತ್ತಿರ ಮರಾಠಿ, ರಿಕ್ಷಾದವನ ಹತ್ತಿರ ಹಿಂದಿ, ಸೊಸೈಟಿಯ ಸೆಕ್ರೆಟರಿಯ ಹತ್ತಿರ ಗುಜರಾತಿ, ಆಫೀಸಿನಲ್ಲಿ ಇಂಗ್ಲಿಷ್, ಬರೆಯುವುದಕ್ಕೆ ಕನ್ನಡ: ಇಷ್ಟನ್ನು ಒಂದೇ ಬೆಳಗಿನಲ್ಲಿ ಮುಗಿಸುವ ಕವಿ ಜಗತ್ತಿನ ಬೇರೆ ಯಾವ ಪಿನ್‌ಕೋಡಿನಲ್ಲಿ ಸಿಕ್ಕಾನು?

ಇನ್ನು ಚಿತ್ರಕಲೆ. ಬರೆಯುವ ಸಾಮಗ್ರಿಯಲ್ಲಿ ರಾಜಶೇಖರ ಹಲಗೆ, ಸುಣ್ಣದಕಡ್ಡಿ, ಮಸಿಪಾತ್ರೆ, ತಾಳೆಗರಿ ಎಲ್ಲ ಹೇಳಿ ಕೊನೆಗೆ ನಯಮಾಡಿದ ಗೋಡೆಗಳನ್ನೂ ಸೇರಿಸುತ್ತಾನೆ. ಅಸಲ್ಫಾ ಗುಡ್ಡದ ಮನೆಗಳ ಗೋಡೆಗಳಿಗೆ 'ಚಲ್ ರಂಗ್ ದೇ' ತಂಡದ ಸ್ವಯಂಸೇವಕರು 2018ರ ಹೊತ್ತಿಗೆ ಬಣ್ಣ ಬಳಿದರು. ಪತ್ರಿಕೆಗಳು ಇಟಲಿಯ ಪೊಸಿಟಾನೊ ಊರಿಗೆ ಹೋಲಿಸಿದವು. ವರ್ಸೋವಾ ಮೆಟ್ರೋದ ಕಿಟಕಿಯಿಂದ ಗುಡ್ಡ ಚೆನ್ನಾಗಿ ಕಾಣುತ್ತದೆ. ಚಿತ್ರದರ್ಶನದಿಂದ ಕಾವ್ಯ ಹುಟ್ಟುತ್ತದೆ ಎಂಬುದು ಪೂರ್ವಪಕ್ಷ. ಹುಟ್ಟುವುದು ಫೋಟೋ ಎಂಬುದು ಸಿದ್ಧಾಂತ. ಗಾಡಿ ಸಾಕಿನಾಕಾ ತಲುಪುವ ಮುಂಚೆಯೇ ಅದು ಸ್ಟೇಟಸ್ ಆಗಿರುತ್ತದೆ. ಉಡುಪಿ ಕಡೆಯ ಕಟ್ಟಿಂಗೇರಿಯಿಂದ ಬಂದು ಜೆ.ಜೆ. ಕಲಾಶಾಲೆ ಸೇರಿದ ಕೆ.ಕೆ. ಹೆಬ್ಬಾರರು ಗೆರೆಗೆ ಲಯ ಒಲಿಯಲೆಂದು ಕಥಕ್ ನೃತ್ಯವನ್ನೇ ಕಲಿತರು. ನಮ್ಮವರು ಲಯ ಹುಡುಕುತ್ತ ಕಾಲೆತ್ತುವುದು ಮೆಟ್ರೋದಲ್ಲಿ ಪಕ್ಕದವನು ತುಳಿದಾಗ ಮಾತ್ರ.

ದಿನಚರಿಯ ವಿಷಯದಲ್ಲಿ ಪಾಶ್ಚಾತ್ಯ ಆಚಾರ್ಯೆ ಜೂಲಿಯಾ ಕ್ಯಾಮರೂನ್ 1992ರ ತಮ್ಮ ಗ್ರಂಥ 'ದಿ ಆರ್ಟಿಸ್ಟ್ಸ್ ವೇ'ಯಲ್ಲಿ ವಿಧಿಸಿದ್ದು ಇದು: ಎದ್ದ ಕೂಡಲೇ ಮೂರು ಪುಟ, ಕೈಬರಹದಲ್ಲಿ, ಮನಸ್ಸಿಗೆ ಬಂದದ್ದನ್ನು. ಆಚಾರ್ಯೆಯ ಮನೆಗೆ ನೀರು ಹೊತ್ತಿನ ಹಂಗಿಲ್ಲದೆ ಬರುತ್ತಿರಬೇಕು. ಇಲ್ಲಿ ಎದ್ದ ಕೂಡಲೇ ಬರುವುದು ಮನಸ್ಸಿಗಲ್ಲ, ನಲ್ಲಿಗೆ. ಡ್ರಮ್ಮು ತುಂಬುವುದರೊಳಗೆ ಅರ್ಧ ಪುಟ, ಹಾಲು ಉಕ್ಕುವುದರೊಳಗೆ ಕಾಲು ಪುಟ. ಉಳಿದದ್ದನ್ನು ಫಾಸ್ಟ್ ಲೋಕಲಿನ ಫೋರ್ತ್ ಸೀಟಿನಲ್ಲಿ ಒಂದೇ ತೊಡೆಯೂರಿ ಕುರ್ಲಾ ದಾಟಿ ದಾದರ್ ಮುಟ್ಟುವುದರೊಳಗೆ. ನವ್ಯದ ಸಾಲುಗಳು ಗಿಡ್ಡವಾದದ್ದಕ್ಕೆ ಎಲಿಯಟ್ ಕಾರಣವೆಂಬ ವಾದವನ್ನು ಈ ದೃಷ್ಟಿಯಿಂದ ಮರುಪರಿಶೀಲಿಸಬೇಕಾಗಿದೆ.

ಅದೃಷ್ಟವಶಾತ್ ಪಂತ್‌ನಗರದ ಒಬ್ಬ ಅಪ್ರಕಟಿತ ಕವಿಯ ದಿನಚರಿಯ ಏಕೈಕ ಪ್ರತಿ ಪರಿಶೀಲನೆಗೆ ದೊರೆತಿದೆ. ರೆಕ್ಸಿನ್ ಹೊದಿಕೆ, ವಿಮಾ ಏಜೆಂಟರ ಕೊಡುಗೆ. ಮೂಲೆಗಳನ್ನು ಜಿರಲೆ ಪರಿಷ್ಕರಿಸಿದೆ. ಜನವರಿ 1: "ಇಂದಿನಿಂದ ತಪ್ಪದೆ ಬರೆಯುವುದು." ಜನವರಿ 2: "ಬೆಳಕು." ಇದು ಏಕಪದ ಕಾವ್ಯವೆಂದು ಒಂದು ಪಂಥ, ಕರೆಂಟ್ ಬಿಲ್ಲಿನ ನೆನಪೆಂದು ಇನ್ನೊಂದು. ಜನವರಿ 3: "ಹಾಲು 1 ಲೀ., ಇಸ್ತ್ರಿ 6, ಗ್ಯಾಸ್ ಬುಕ್." ಇಲ್ಲಿಂದ ಡಿಸೆಂಬರ್‌ವರೆಗೆ ಕೈಬರಹ ಬೇರೆ, ಲಿಪಿತಜ್ಞರು ಅದನ್ನು ಕವಿಪತ್ನಿಯದೆಂದು ಗುರುತಿಸಿದ್ದಾರೆ. "ಬರ್ದಾಯ್ತಾದ್ರೆ ಡೈರಿ ಇತ್ತ ಕೊಡಿ, ಇಸ್ತ್ರಿಯವ ಬಾಗಿಲಲ್ಲಿ ನಿಂತಿದ್ದಾನೆ" ಎಂಬ ಮೌಖಿಕ ಪರಂಪರೆ ಇದಕ್ಕೆ ಪೋಷಕವಾಗಿದೆ. ಜುಲೈ ನಡುವೆ ಒಂದು ಪುಟದಲ್ಲಿ ಲೆಕ್ಕದ ಕೆಳಗೆ ಹೀಗಿದೆ: "ಇಸ್ತ್ರಿಯವ ಊರಿಗೆ ಹೋಗಿದ್ದಾನೆ. ಅವನ ಮೇಜಿನ ಮೇಲೆ ಬೆಕ್ಕು ಮಲಗಿದೆ, ಇನ್ನೂ ಬಿಸಿ ಇದೆಯೋ ಎಂಬಂತೆ." ಇಡೀ ಪ್ರತಿಯಲ್ಲಿ ಕವಿತೆಯೆನ್ನಬಹುದಾದದ್ದು ಇದೊಂದೇ. ಕವಿ ಇದನ್ನು ಓದಿದ ಕುರುಹಿಲ್ಲ.

ರಾಜಶೇಖರ ಬರೆಯುವ ಹೊತ್ತನ್ನು ಹಿಡಿದು ಕವಿಗಳನ್ನು ನಾಲ್ಕು ಬಗೆ ಮಾಡಿದ್ದಾನೆ. ಸೂರ್ಯನನ್ನೇ ನೋಡದೆ ಒಳಗೆ ಕೂತು ಬರೆಯುವವನು ಅಸೂರ್ಯಂಪಶ್ಯ. ಈ ಬಗೆಗೆ ಬೇಕಾದ ಒಳಕೋಣೆ ಮುಂಬಯಿಯಲ್ಲಿ ಕೈಗೆಟುಕದು. ಮನಸ್ಸು ಬಂದಾಗ ಕೂತು ಬರೆಯುವವನು ನಿಷಣ್ಣ. ಸಂದರ್ಭಕ್ಕೆ ಬರೆಯುವವನು ಪ್ರಾಯೋಜನಿಕ. ಸಂಘದ ವಾರ್ಷಿಕೋತ್ಸವ, ಶಾಲು-ಹಾರದ ಅಭಿನಂದನ ಪದ್ಯ ಇರುವವರೆಗೆ ಈ ಸಂತತಿಗೆ ಭಯವಿಲ್ಲ. ದುಡಿಮೆಗೆ ಅಡ್ಡಿಯಾಗದ ಹೊತ್ತಿನಲ್ಲಿ ಬರೆಯುವವನು ದತ್ತಾವಸರ. ಮುಂಬಯಿ ಕನ್ನಡದ ಒಳ್ಳೆಯದೆಲ್ಲ ಹೆಚ್ಚುಕಡಿಮೆ ಈ ನಾಲ್ಕನೆಯವನದು. ಯಶವಂತ ಚಿತ್ತಾಲರು ಬೇಕಲೈಟ್ ಹೈಲಾಮ್‌ನಲ್ಲಿ ಪಾಲಿಮರ್ ತಂತ್ರಜ್ಞರಾಗಿದ್ದುಕೊಂಡೇ 1979ರಲ್ಲಿ 'ಶಿಕಾರಿ' ಕಾದಂಬರಿ ಕೊಟ್ಟರು. ಅದರ ನಾಗಪ್ಪನ ಬೆನ್ನಟ್ಟುವುದೂ ಕಂಪನಿಯ ರಾಜಕೀಯವೇ. ಜಯಂತ ಕಾಯ್ಕಿಣಿಯವರು ಔಷಧ ಕಂಪನಿಯಲ್ಲಿ ಜೀವರಸಾಯನ ತಜ್ಞರಾಗಿದ್ದರು. ಇಬ್ಬರೂ ಸ್ಫೂರ್ತಿಗೆಂದು ರಜೆ ಚೀಟಿ ಬರೆದುಕೊಟ್ಟ ದಾಖಲೆ ಸಿಕ್ಕಿಲ್ಲ.

ಈ ಸಿದ್ಧಾಂತಕ್ಕೆ ಆಕ್ಷೇಪವಿರುವ ವಿದ್ವಾಂಸರು ಬರೆದು ಕಳಿಸಬಹುದು. ಕೈಬರಹದಲ್ಲಿರಲಿ, ಮೂರು ಪುಟ ಮೀರದಿರಲಿ. ಹಿಂಬದಿಯಲ್ಲಿ ಹಾಲಿನ ಲೆಕ್ಕವಿದ್ದರೆ ಮೊದಲು ಅದನ್ನೇ ಓದಲಾಗುವುದು.